‘ದಿ ಅಸೆಂಟ್’: ಮೊದಲ ಎರಡು ಗಂಟೆಯಲ್ಲಿ ಏನು ನೋಡಬೇಕು?

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮ್ ಹಿಡಿಸದಿದ್ದರೆ ದುಡ್ಡು ವಾಪಸ್ ಕೇಳಬಹುದು. ಷರತ್ತು ಎರಡು: ಕೊಂಡು 14 ದಿನ ದಾಟಿರಬಾರದು, ಆಡಿದ ಹೊತ್ತು 2 ಗಂಟೆ ಮೀರಿರಬಾರದು. ಪಝಲ್ ಬಿಡಿಸುವ, ಕಾರು ಓಡಿಸುವ ಆಟಗಳಿಗೆ ಎರಡು ಗಂಟೆ ಧಾರಾಳ. ಆಕ್ಷನ್ ರೋಲ್‌ಪ್ಲೇಯಿಂಗ್ ಆಟಗಳ ಪಾಡು ಬೇರೆ. ಅಷ್ಟು ಹೊತ್ತಿಗೆ ನಿಮ್ಮ ಪಾತ್ರಕ್ಕೆ ನೆಟ್ಟಗೆ ಒಂದು ಬಂದೂಕು ಸಿಕ್ಕಿರುವುದಿಲ್ಲ, ಕತೆ ಇನ್ನೂ ಪೀಠಿಕೆಯಲ್ಲೇ ಇರುತ್ತದೆ, ಪರದೆಯ ಮೂಲೆಯಲ್ಲಿ ಮಿನುಗುವ ಚಿಹ್ನೆಗಳಲ್ಲಿ ಅರ್ಧ ಯಾತಕ್ಕೆಂದೇ ಗೊತ್ತಾಗಿರುವುದಿಲ್ಲ. ‘ದಿ ಅಸೆಂಟ್’ ಎಂಬ ಗೇಮ್‌ನಲ್ಲಂತೂ ಮೊದಲ ಎರಡು ಗಂಟೆ ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಕಣ್ಣಿಗೆ ಅದು ಇರುವುದಕ್ಕಿಂತ ದೊಡ್ಡ ಆಟವಾಗಿ ಕಾಣುತ್ತದೆ. ಕೈಗೆ ಇರುವುದಕ್ಕಿಂತ ಒಡ್ಡೊಡ್ಡಾಗಿ ಸಿಗುತ್ತದೆ. ಎರಡನ್ನೂ ತೂಗಿ, ಇಟ್ಟುಕೊಳ್ಳುವುದೋ ಹಿಂತಿರುಗಿಸುವುದೋ ಎಂದು ತೀರ್ಮಾನಿಸುವವರಿಗೆ ನೆರವಾಗಲೆಂದು ಈ ಬರಹ.

ಸ್ವೀಡನ್‌ನ ಉಪ್ಸಾಲಾ ಊರಿನ ನಿಯಾನ್ ಜೈಂಟ್ ಎಂಬ ಪುಟ್ಟ ಸ್ಟುಡಿಯೋ ಮಾಡಿದ ಆಟ ಇದು. ಸ್ಟುಡಿಯೋ ಶುರುವಾದದ್ದು 2018ರಲ್ಲಿ. ಸ್ಥಾಪಕರಾದ ಟೋರ್ ಫ್ರಿಕ್ ಮತ್ತು ಆರ್ಕೇಡ್ ಬರ್ಗ್ ಇಬ್ಬರೂ ಅದಕ್ಕೆ ಮೊದಲು ಅದೇ ಊರಿನ ಮಷೀನ್‌ಗೇಮ್ಸ್‌ನಲ್ಲಿ, ಅಂದರೆ ಹೊಸ ‘ವುಲ್ಫೆನ್‌ಸ್ಟೈನ್’ ಆಟಗಳನ್ನು ಕೊಟ್ಟ ಸಂಸ್ಥೆಯಲ್ಲಿ ದುಡಿದವರು. ಹನ್ನೆರಡು ಜನರ ಆಸುಪಾಸಿನ ತಂಡ, ಅನ್‌ರಿಯಲ್ ಎಂಜಿನ್ 4 ಬಳಸಿ, ನೂರಾರು ಜನ ಸೇರಿ ಮಾಡಿದಂತೆ ಕಾಣುವ ನಗರವೊಂದನ್ನು ಎಬ್ಬಿಸಿ ನಿಲ್ಲಿಸಿತು. 2021ರ ಜುಲೈ 29ರಂದು ವಿಂಡೋಸ್‌ಗೂ ಎಕ್ಸ್‌ಬಾಕ್ಸ್‌ಗೂ ಬಂತು. ಪ್ಲೇಸ್ಟೇಷನ್‌ನವರು 2022ರ ಮಾರ್ಚ್ ತನಕ ಕಾಯಬೇಕಾಯಿತು. ಅದೇ 2022ರಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಈ ಸ್ಟುಡಿಯೋವನ್ನು ಕೊಂಡುಕೊಂಡಿತು. ನಮ್ಮ ಹುಡುಗರು ಮೊಬೈಲಿನಲ್ಲಿ ರಾತ್ರಿಯೆಲ್ಲ ಆಡುವ ಬಿಜಿಎಂಐ ಇದೇ ಕ್ರಾಫ್ಟನ್‌ನದು ಎಂದರೆ ಗುರುತು ಹತ್ತೀತು.

ಇದು ಸೈಬರ್‌ಪಂಕ್ ಆಟ. ಹಾಗೆಂದರೆ ಏನು ಎಂದು ಕೇಳುವವರಿಗೆ ಒಂದು ಮಾತು. ತಂತ್ರಜ್ಞಾನ ಮುಗಿಲು ಮುಟ್ಟಿದೆ, ಬದುಕು ಚರಂಡಿಯಲ್ಲಿದೆ. ಸರ್ಕಾರ ಹೆಸರಿಗುಂಟು, ಆಳುವುದು ಕಂಪನಿಗಳು. ಮೈಯೊಳಗೆ ಯಂತ್ರ ಹಾಕಿಸಿಕೊಂಡವನೂ ಬಾಡಿಗೆ ಕಟ್ಟಲಾರದೆ ಒದ್ದಾಡುತ್ತಾನೆ. ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ ಸಿನಿಮಾ (1982), ವಿಲಿಯಂ ಗಿಬ್ಸನ್‌ನ ‘ನ್ಯೂರೊಮ್ಯಾನ್ಸರ್’ ಕಾದಂಬರಿ (1984), ಜಪಾನಿನ ‘ಅಕಿರಾ’ ಇವೆಲ್ಲ ಸೇರಿ ಅದರ ಚಹರೆಯನ್ನು ಗಟ್ಟಿ ಮಾಡಿದವು: ಎಡೆಬಿಡದ ಮಳೆ, ಬಣ್ಣಬಣ್ಣದ ನಿಯಾನ್ ಬೋರ್ಡು, ಕಿಕ್ಕಿರಿದ ಗಲ್ಲಿ, ಮೇಲೆ ಹಾರುವ ವಾಹನ. ನಲವತ್ತು ವರ್ಷ ಕಳೆದರೂ ಬೋರ್ಡಿನ ಬಣ್ಣ ಬದಲಾಗಿಲ್ಲ. ‘ದಿ ಅಸೆಂಟ್’ ಕೂಡ ಅದೇ ಬಣ್ಣದ ಡಬ್ಬಿಗೆ ಕುಂಚ ಅದ್ದಿದೆ. ಹೊಸದೇನನ್ನೂ ಹೇಳಲು ಅದಕ್ಕೆ ಆತುರವಿಲ್ಲ.

ಈ ಆಟದ ನೋಟವನ್ನು ಐಸೊಮೆಟ್ರಿಕ್ ಎನ್ನುತ್ತಾರೆ. ಆ ಪದ ಡಿಪ್ಲೊಮಾ, ಬಿ.ಇ. ಓದಿದವರಿಗೆ ಡ್ರಾಯಿಂಗ್ ಶೀಟಿನ ಕಾಲದಿಂದಲೇ ಪರಿಚಯ. ಮೂರು ಅಕ್ಷಗಳ ನಡುವೆ ಸಮನಾಗಿ 120 ಡಿಗ್ರಿ, ದೂರದ ವಸ್ತು ಚಿಕ್ಕದಾಗುವುದಿಲ್ಲ, ಮೂರು ಮುಖವೂ ಒಟ್ಟಿಗೇ ಕಾಣುತ್ತವೆ. ಶಕ್ತಿ ಕಡಿಮೆಯಿದ್ದ ಹಳೆಯ ಕಂಪ್ಯೂಟರುಗಳಿಗೆ ಈ ನೋಟ ವರವಾಗಿತ್ತು. ಒಂದು ಮರವನ್ನೋ ಮನೆಯನ್ನೋ ಒಂದೇ ಅಳತೆಯಲ್ಲಿ ಬರೆದಿಟ್ಟುಕೊಂಡರೆ ನಕ್ಷೆಯಲ್ಲಿ ಎಲ್ಲಿ ಬೇಕಾದರೂ ಹಾಗೆಯೇ ಅಂಟಿಸಬಹುದು, ಹೊಸದಾಗಿ ಲೆಕ್ಕ ಹಾಕಬೇಕಿಲ್ಲ. ಸೇಗಾದ ‘ಝ್ಯಾಕ್ಸನ್’ (1982), ಬ್ರಿಟನ್ನಿನ ‘ನೈಟ್ ಲೋರ್’ (1984) ದಾರಿ ತೋರಿದವು. 1993ರಲ್ಲಿ ಬುಲ್‌ಫ್ರಾಗ್ ಸಂಸ್ಥೆ ತಂದ ‘ಸಿಂಡಿಕೇಟ್’ ಆ ನೋಟವನ್ನೂ ಸೈಬರ್‌ಪಂಕನ್ನೂ ಒಂದು ಮಾಡಿತು: ಉದ್ದನೆಯ ಕೋಟು ತೊಟ್ಟ ನಾಲ್ವರು ಏಜೆಂಟರು, ಜಗತ್ತನ್ನು ಹಂಚಿಕೊಂಡ ಕಂಪನಿಗಳು, ಮೇಲಿನಿಂದ ಓರೆಯಾಗಿ ಕಾಣುವ ಬೀದಿ. ‘ದಿ ಅಸೆಂಟ್’ನ ವಂಶವೃಕ್ಷ ಬರೆಯುವುದಾದರೆ ಅಜ್ಜನ ಜಾಗದಲ್ಲಿ ‘ಸಿಂಡಿಕೇಟ್’, ಅಪ್ಪನ ಜಾಗದಲ್ಲಿ ಅದೇ ಓರೆನೋಟದ ಆಕ್ಷನ್ ಆಟ ‘ಡಯಾಬ್ಲೊ’ ಕೂರುತ್ತವೆ. ಶಾಸ್ತ್ರಶುದ್ಧವಾಗಿ ನೋಡಿದರೆ ಇದು ಐಸೊಮೆಟ್ರಿಕ್ ಅಲ್ಲವೇ ಅಲ್ಲ. ಪೂರ್ತಿ ಮೂರು ಆಯಾಮದ ನಗರವನ್ನು ಒಂದು ಕ್ಯಾಮೆರಾ ಮೇಲಿನಿಂದ ಓರೆಯಾಗಿ ನೋಡುತ್ತದೆ, ಅದನ್ನು ತಿರುಗಿಸುವ ಅಧಿಕಾರ ನಿಮಗಿಲ್ಲ. ಆದರೂ ಆಟಗಾರರ ಬಾಯಲ್ಲಿ ಅದು ಐಸೊಮೆಟ್ರಿಕ್ಕೇ.

ಕತೆ ನಡೆಯುವುದು ವೆಲೆಸ್ ಎಂಬ ಗ್ರಹದಲ್ಲಿ. ಒಂದಿಡೀ ನಗರವೇ ಆಕಾಶಕ್ಕೆ ಎದ್ದು ನಿಂತ ಗೋಪುರದಲ್ಲಿದೆ. ಅದಕ್ಕೆ ಆರ್ಕಾಲಜಿ ಎನ್ನುತ್ತಾರೆ. ತುದಿಯಲ್ಲಿ ಸಿರಿವಂತರು, ಬುಡದಲ್ಲಿ ಕೊಚ್ಚೆ. ಎಲ್ಲದಕ್ಕೂ ಒಡೆಯ ‘ದಿ ಅಸೆಂಟ್ ಗ್ರೂಪ್’ ಎಂಬ ಮಹಾಕಂಪನಿ. ನೀವು ಆ ಕಂಪನಿಯ ಜೀತದಾಳು. ಈ ಗ್ರಹಕ್ಕೆ ಬರಲು ಆದ ಖರ್ಚು ನಿಮ್ಮ ತಲೆಯ ಮೇಲಿದೆ, ಅದು ತೀರುವ ತನಕ ದುಡಿಯಬೇಕು, ತೀರದಂತೆ ನೋಡಿಕೊಳ್ಳಲಾಗುತ್ತದೆ. ಕಾರಂತರ ‘ಚೋಮನ ದುಡಿ’ ಓದಿದವರಿಗೆ ಕಾಫಿ ತೋಟದ ಸಾಲ ನೆನಪಾದರೆ ಆಶ್ಚರ್ಯವಿಲ್ಲ. ಒಂದು ದಿನ ಕಾರಣವೇ ತಿಳಿಯದೆ ಕಂಪನಿ ಕುಸಿದುಬೀಳುತ್ತದೆ. ಒಡೆಯ ಹೋದ ಮೇಲೆ ಜೀತದ ಚೀಟಿ ಯಾರ ಕೈಸೇರುತ್ತದೆ? ಪುಂಡರೂ ಎದುರಾಳಿ ಕಂಪನಿಗಳೂ ಮುಗಿಬೀಳುತ್ತವೆ, ನಿಮ್ಮ ಕೈಗೆ ಬಂದೂಕು ಬರುತ್ತದೆ. ಇಂಥ ಸೊಗಸಾದ ಪ್ರಶ್ನೆಯನ್ನು ಎತ್ತಿಟ್ಟು ಆಮೇಲೆ ಆಟ ಅದರ ಕಡೆ ತಿರುಗಿಯೂ ನೋಡುವುದಿಲ್ಲ ಎನ್ನುವುದು ನನ್ನ ದೊಡ್ಡ ತಕರಾರು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ಅರ್ಧ ಗಂಟೆ ನೀವಿರುವುದು ಗೋಪುರದ ಬುಡದಲ್ಲಿ, ಡೀಪ್‌ಸ್ಟಿಂಕ್ ಎಂಬ ಕಡೆ. ಹೆಸರೇ ಹೇಳುವಂತೆ ಇಡೀ ನಗರದ ಹೊಲಸು ಇಳಿದು ಬರುವ ಜಾಗ. ಕೊಳವೆ, ತುಕ್ಕು, ಮಬ್ಬುಗತ್ತಲು, ಕಿರುಚುತ್ತ ಮೇಲೆರಗುವ ಫೆರಲ್ ಎಂಬ ಜೀವಿಗಳು. ಇಲ್ಲಿ ನಡೆಯುವುದು ತರಬೇತಿ: ನಡೆ, ಉರುಳು, ಗುಂಡು ಹಾರಿಸು, ಬಾಗಿಲು ಹ್ಯಾಕ್ ಮಾಡು. ಇಷ್ಟನ್ನೇ ನೋಡಿ ಆಟದ ಬಗ್ಗೆ ತೀರ್ಪು ಕೊಡಬೇಡಿ. ಇದು ಆಟದ ಅತ್ಯಂತ ಬೇಸರದ ಭಾಗಗಳಲ್ಲಿ ಒಂದು.

ಅಲ್ಲಿಂದ ಲಿಫ್ಟ್ ಹತ್ತಿ ಕ್ಲಸ್ಟರ್ 13 ತಲುಪಿದಾಗ ಪರದೆ ಏಕಾಏಕಿ ತುಂಬಿಕೊಳ್ಳುತ್ತದೆ. ಅಂಗಡಿ ಮುಂಗಟ್ಟು, ಆವಿ ಏಳುವ ತಿಂಡಿ ಗಾಡಿ, ಮಳೆನೀರಲ್ಲಿ ಕಲಸಿಹೋದ ಬೋರ್ಡಿನ ಬೆಳಕು, ಮನುಷ್ಯರ ನಡುವೆ ಆರಾಮಾಗಿ ಓಡಾಡುವ ಬೇರೆ ಗ್ರಹದ ಜೀವಿಗಳು. ಬಹುಪಾಲು ಗೇಮ್‌ಗಳು ಮೇಲಿನಿಂದ ನೋಡುವ ನೋಟ ಸಿಕ್ಕಿತೆಂದು ಸೂಕ್ಷ್ಮ ಕೆಲಸವನ್ನು ಕೈಬಿಡುತ್ತವೆ. ಇವರು ಅದರ ತದ್ವಿರುದ್ಧ. ಕೈಸಾಲೆಯ ಅಂಚಿಗೆ ಬಂದು ಕೆಳಗೆ ಇಣುಕಿದರೆ ಇನ್ನೊಂದು ಅಂತಸ್ತು, ಅದರ ಕೆಳಗೆ ಮತ್ತೊಂದು, ನಡುವೆ ಸಾಲುಸಾಲು ವಾಹನಗಳು. ನೀವೆಂದೂ ಹೋಗಲಾಗದ ಅಂತಸ್ತುಗಳಿಗೂ ಅಷ್ಟೇ ಮುತುವರ್ಜಿಯಿಂದ ಸಾಮಾನು ಜೋಡಿಸಿದ್ದಾರೆ. ಕೆಲವು ಕಡೆ ಕ್ಯಾಮೆರಾ ತಾನಾಗಿ ಹಿಂದೆ ಸರಿದು, ನಿಮ್ಮನ್ನು ಇರುವೆಯಷ್ಟು ಚಿಕ್ಕವರಾಗಿಸಿ, ಗೋಪುರದ ಎತ್ತರವನ್ನು ತೋರಿಸುತ್ತದೆ. ಹಿನ್ನೆಲೆ ಸಂಗೀತ ಪೋಲೆಂಡಿನ ಪಾವೆಲ್ ಬ್ವಾಶ್ಚಾಕ್ ಅವರದು. ಬೀದಿಯಲ್ಲಿ ಗುನುಗುತ್ತ ಇದ್ದದ್ದು ಗುಂಡಿನ ಚಕಮಕಿ ಶುರುವಾದೊಡನೆ ಗುಡುಗುತ್ತದೆ.

ಇಲ್ಲೇ ಎಚ್ಚರ ಬೇಕು. ಎರಡು ಗಂಟೆಯ ಗಡುವಿನಲ್ಲಿ ಅರ್ಧದಷ್ಟು ಈ ಬೀದಿ ನೋಡುವುದರಲ್ಲೇ ಕಳೆದುಹೋಗುವ ಅಪಾಯವಿದೆ. ನೋಟ ಚೆನ್ನಾಗಿದೆ ಎಂಬುದು ಐದು ನಿಮಿಷದಲ್ಲಿ ಖಾತ್ರಿಯಾಗುತ್ತದೆ. ಉಳಿದ ಹೊತ್ತನ್ನು ಗುಂಡಿನ ಕಾಳಗಕ್ಕೆ ಕೊಡಿ, ಏಕೆಂದರೆ ಮುಂದಿನ ಹದಿನೈದಿಪ್ಪತ್ತು ಗಂಟೆ ನೀವು ಮಾಡುವುದು ಅದನ್ನೇ.

ಕಾಳಗದ ಗುಟ್ಟು ಒಂದೇ ಗುಂಡಿಯಲ್ಲಿದೆ. ಆಟ ಅದನ್ನು ಹೇಳಿಕೊಡುತ್ತದೆ, ಆದರೆ ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಬಹಳ ಜನ ಮರೆತು, ಆಟವೇ ಸರಿಯಿಲ್ಲ ಎಂದು ಬೈದುಕೊಳ್ಳುತ್ತಾರೆ. ಸುಮ್ಮನೆ ಟ್ರಿಗರ್ ಒತ್ತಿದರೆ ಬಂದೂಕು ಸೊಂಟದ ಮಟ್ಟದಿಂದ ಹಾರುತ್ತದೆ. ಕಂಟ್ರೋಲರ್‌ನಲ್ಲಿ ಎಡ ಟ್ರಿಗರ್, ಮೌಸ್‌ನಲ್ಲಿ ಬಲಗುಂಡಿ ಒತ್ತಿ ಹಿಡಿದರೆ ಬಂದೂಕು ಹೆಗಲಿಗೇರುತ್ತದೆ. ಮೇಲಿನಿಂದ ನೋಡುವಾಗ ಎರಡೂ ಒಂದೇ ಅನ್ನಿಸುತ್ತದೆ, ಆದರೆ ಪರಿಣಾಮ ಪೂರ್ತಿ ಬೇರೆ. ಒಂದು ಮೋಟುಗೋಡೆಯ ಹಿಂದೆ ಬಗ್ಗಿ ಕೂತು ಬಂದೂಕನ್ನು ಹೆಗಲಿಗೇರಿಸಿ ಹೊಡೆದರೆ ಪಾತ್ರ ಗೋಡೆಯ ಮೇಲಿಂದ ಹೊಡೆಯುತ್ತದೆ, ಎದುರಿನ ಗುಂಡುಗಳು ಗೋಡೆಗೆ ಬಡಿಯುತ್ತವೆ. ಎತ್ತರದಲ್ಲಿ ಬಡಿದ ಗುಂಡು ಎದುರಾಳಿಯನ್ನು ತತ್ತರಿಸುವಂತೆ ಮಾಡುತ್ತದೆ, ಆ ಕ್ಷಣ ಅವನು ತಿರುಗಿ ಹೊಡೆಯಲಾರ. ಕುಳ್ಳ ಎದುರಾಳಿಗಳು ಬಂದಾಗ ಮಾತ್ರ ಇದು ಕೆಲಸಕ್ಕೆ ಬಾರದು. ಗುಂಡು ಅವರ ತಲೆ ಮೇಲೆ ಹಾದುಹೋಗುತ್ತದೆ, ಬಂದೂಕು ಇಳಿಸಲೇಬೇಕು. ಈ ಏರಿಳಿತ ಬೆರಳಿಗೆ ಒಗ್ಗುವ ತನಕ ‘ದಿ ಅಸೆಂಟ್’ ಗೊಂದಲದ ಆಟ. ಒಗ್ಗಿದ ಮೇಲೆ ಬೇರೆ ಯಾವ ಮೇಲ್ನೋಟದ ಶೂಟರ್ ಆಡಿದರೂ ಏನೋ ಕೊರತೆ ಕಾಣುತ್ತದೆ. ಇಷ್ಟು ಚಂದದ ಹೊಸ ಯೋಚನೆಯನ್ನು ಈ ಪ್ರಕಾರದಲ್ಲಿ ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಹಾಗೆಂದು ಗೋಡೆಯ ಹಿಂದೆ ಬೇರೂರಬೇಡಿ. ಕತ್ತಿ, ಸುತ್ತಿಗೆ ಹಿಡಿದ ಗುಂಪು ಎದುರಿಂದ ನುಗ್ಗಿ ಬರುತ್ತದೆ, ಇನ್ನೊಂದು ಗುಂಪು ಬೆನ್ನಹಿಂದಿನ ಬಾಗಿಲಿಂದ. ಆಗ ಹಿಂದೆ ಹಿಂದೆ ಸರಿಯುತ್ತ, ಉರುಳುತ್ತ ಹೊಡೆಯುವುದೇ ದಾರಿ. ಗುಂಡಿನ ದಾಸ್ತಾನು ಮುಗಿಯುವುದಿಲ್ಲ, ಆದರೆ ಮ್ಯಾಗಜೀನ್ ಬದಲಿಸಲು ಹಿಡಿಯುವ ಒಂದೆರಡು ಸೆಕೆಂಡಿನಲ್ಲೇ ಪ್ರಾಣ ಹೋಗುವುದು. ಅದಕ್ಕೇ ಎರಡು ಬಂದೂಕು ಹೊರುವ ಅವಕಾಶವನ್ನು ಪೂರ್ತಿ ಬಳಸಿಕೊಳ್ಳಿ: ಒಂದು ದೂರಕ್ಕೆ, ಇನ್ನೊಂದು ಮೈಮೇಲೆ ಬಿದ್ದವರಿಗೆ. ಮ್ಯಾಗಜೀನ್ ಬದಲಿಸುವುದಕ್ಕಿಂತ ಬಂದೂಕು ಬದಲಿಸುವುದು ಬೇಗ. ಗ್ರೆನೇಡಿನಂಥ ಸಾಮಗ್ರಿಗಳು ನೀವು ಎದುರಾಳಿಗೆ ಪೆಟ್ಟು ಕೊಟ್ಟಷ್ಟೂ ಮತ್ತೆ ತುಂಬಿಕೊಳ್ಳುತ್ತವೆ. ಕೂಡಿಡುವ ಜಿಪುಣತನ ಬೇಡ. ಸತ್ತರೆ ಹತ್ತಿರದ ಚೆಕ್‌ಪಾಯಿಂಟಿನಿಂದ ಶುರು. ಅಷ್ಟರಲ್ಲಿ ಗಳಿಸಿದ ಅನುಭವದ ಅಂಕಗಳು ಉಳಿದಿರುತ್ತವೆ, ಹಾಗಾಗಿ ಸಾವು ಇಲ್ಲಿ ದೊಡ್ಡ ದಂಡವಲ್ಲ. ನಿಮಗೆ ಬೇಕೆಂದಲ್ಲಿ ಸೇವ್ ಮಾಡುವ ಸೌಲಭ್ಯ ಇಲ್ಲ, ಎಲ್ಲವೂ ತಾನಾಗಿ ಸೇವ್ ಆಗುವುದು. ಊಟಕ್ಕೆ ಕರೆದಾಗ ಎದ್ದು ಹೋಗುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಎರಡು ಗಂಟೆಯ ಪರೀಕ್ಷೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಎನ್ನುವುದು ಈ ಕಾಳಗವನ್ನೇ. ಮೂರ್ನಾಲ್ಕು ದೊಡ್ಡ ಚಕಮಕಿ ಮುಗಿದ ಮೇಲೂ ಬಂದೂಕು ಏರಿಸಿ ಇಳಿಸುವುದು ನಿಮಗೆ ಹಿಂಸೆಯೆನಿಸುತ್ತಿದ್ದರೆ ಹಣ ವಾಪಸ್ ಕೇಳಿಬಿಡಿ. ಮುಂದೆ ಬೇರೆ ಬಗೆಯ ಆಟ ತೆರೆದುಕೊಳ್ಳುವುದಿಲ್ಲ. ಪಾಪಾ ಫೆರಲ್ ಎಂಬ ಮೊದಲ ಬಾಸ್ ಎದುರು ನಿಂತಾಗ ಈ ಕೈಚಳಕ ಇಲ್ಲದಿದ್ದರೆ ಗೋಳಾಟ ಖಂಡಿತ.

ಬಂದೂಕುಗಳ ವಿಚಾರದಲ್ಲಿ ಒಂದು ಕಿವಿಮಾತು. ಸತ್ತವರಿಂದ, ಪೆಟ್ಟಿಗೆಗಳಿಂದ ಬಂದೂಕು ಬರುತ್ತಲೇ ಇರುತ್ತವೆ. ‘ಡಯಾಬ್ಲೊ’ ಆಡಿ ರೂಢಿಯಿದ್ದವರು ಒಂದೇ ಹೆಸರಿನ ಎರಡು ಬಂದೂಕು ಸಿಕ್ಕರೆ ಯಾವುದು ಮೇಲು ಎಂದು ಹೋಲಿಸುತ್ತ ಕೂರುತ್ತಾರೆ. ಇಲ್ಲಿ ಆ ತಲೆನೋವಿಲ್ಲ. ಒಂದು ಜಾತಿಯ ಬಂದೂಕನ್ನು ಗನ್‌ಸ್ಮಿತ್ ಹತ್ತಿರ ಮೇಲ್ದರ್ಜೆಗೇರಿಸಿದರೆ ಆ ಜಾತಿಯೆಲ್ಲಕ್ಕೂ ಅದು ಅನ್ವಯ. ಮಾರಿ ಮತ್ತೆ ಕೊಂಡರೂ ದರ್ಜೆ ಕಳೆಯುವುದಿಲ್ಲ. ಆದ್ದರಿಂದ ಒಂದನ್ನಿಟ್ಟುಕೊಂಡು ಉಳಿದ ನಕಲುಗಳನ್ನು ಮಾರಿಬಿಡಿ. ಮೇಲ್ದರ್ಜೆಗೆ ಬೇಕಾದ ಬಿಡಿಭಾಗಗಳು ಮಾತ್ರ ಬೀದಿಬದಿಯ ಮೂಲೆಗಳಲ್ಲಿ, ಬೀಗ ಹಾಕಿದ ಕೋಣೆಗಳಲ್ಲಿ ಹುದುಗಿರುತ್ತವೆ. ಬೇಸಿಕ್, ಅಡ್ವಾನ್ಸ್ಡ್, ಸುಪೀರಿಯರ್ ಎಂದು ಮೂರು ದರ್ಜೆ. ಮೊದಲ ದರ್ಜೆಯದು ಧಾರಾಳ, ಮೇಲಿನದು ವಿರಳ. ಕಂಡ ಕಂಡ ಬಂದೂಕಿಗೆಲ್ಲ ಸುರಿದರೆ ನಡುದಾರಿಯಲ್ಲಿ ಬರಿಗೈಯಾಗುತ್ತೀರಿ. ಮನಸ್ಸಿಗೆ ಹಿಡಿಸಿದ ಎರಡನ್ನು ಆರಿಸಿಕೊಂಡು ಅವಕ್ಕೇ ಹಾಕಿ. ಪೆಟ್ಟಿನಲ್ಲೂ ಬಗೆಗಳಿವೆ: ಸಾದಾ ಗುಂಡು, ಎನರ್ಜಿ, ಡಿಜಿಟಲ್, ಬೆಂಕಿ. ಯಂತ್ರಕ್ಕೆ ನಾಟುವುದು ಮಾಂಸಕ್ಕೆ ಅಷ್ಟು ನಾಟದು. ಆರಿಸಿದ ಎರಡು ಬಂದೂಕು ಬೇರೆ ಬೇರೆ ಬಗೆಯವಾಗಿದ್ದರೆ ಒಳ್ಳೆಯದು.

ಗ್ರಾಫ್ಟರ್ ಎಂಬ ಅಂಗಡಿಯವನ ಹತ್ತಿರ ಮೈಯೊಳಗೆ ಯಂತ್ರ ಹಾಕಿಸಿಕೊಳ್ಳಬಹುದು. ಒಮ್ಮೆಗೆ ಎರಡನ್ನು ಸಿದ್ಧವಾಗಿಟ್ಟುಕೊಳ್ಳಲು ಅವಕಾಶ. ಮೊದಮೊದಲು ಸಿಗುವ ಹೈಡ್ರಾಲಿಕ್ ಗುದ್ದು ಎದುರಿನವರನ್ನು ಚಿಂದಿ ಮಾಡುತ್ತದೆ; ಸಂಕೋಚವಿಲ್ಲದೆ ಬಳಸಿ. ಲೆವೆಲ್ ಏರಿದಾಗ ಸಿಗುವ ಸ್ಕಿಲ್ ಪಾಯಿಂಟುಗಳನ್ನು ಆಯುಸ್ಸು, ಶಕ್ತಿ, ಗುರಿ, ರೀಲೋಡ್ ವೇಗದಂಥ ಗುಣಗಳಿಗೆ ಹಂಚಬೇಕು. ಹೊಸಬರು ಮೊದಲು ಆಯುಸ್ಸಿಗೂ ರೀಲೋಡಿಗೂ ಹಾಕಿದರೆ ಉಸಿರಾಡಲು ಪುರುಸೊತ್ತು ಸಿಗುತ್ತದೆ.

ಇಷ್ಟೆಲ್ಲ ಇದ್ದೂ ಇದನ್ನು ರೋಲ್‌ಪ್ಲೇಯಿಂಗ್ ಆಟವೆನ್ನಲು ನನಗೆ ಮನಸ್ಸು ಬಾರದು. ಪಾತ್ರದ ಲೆಕ್ಕಾಚಾರ ಇದೆ, ಪಾತ್ರವೇ ಇಲ್ಲ. ಮುಖ, ಕೂದಲು, ಬಟ್ಟೆ ಆರಿಸುತ್ತೀರಿ; ಬಾಯಿ ಬಿಡುವಂತಿಲ್ಲ. ಪೂನ್ ಎಂಬ ಪುಂಡನಾಯಕ ಹೇಳಿದ ಕೆಲಸ ಮಾಡುತ್ತೀರಿ, ಆಮೇಲೆ ಇನ್ನೊಬ್ಬ ಹೇಳಿದ್ದು, ಆಮೇಲೆ ಮತ್ತೊಬ್ಬ. ಮಾಡುವುದಿಲ್ಲ ಎನ್ನುವ ದಾರಿಯೇ ಇಲ್ಲ. ತಲೆಯೊಳಗೆ ಕೂತ ಇಂಪ್ ಎಂಬ ಕೃತಕ ಬುದ್ಧಿ ನಿಮ್ಮ ಪರವಾಗಿ ಮಾತಾಡುತ್ತದೆ. ಜೀತದಿಂದ ಬಿಡುಗಡೆ ಎಂಬ ಅಷ್ಟು ದೊಡ್ಡ ವಸ್ತುವನ್ನು ಕೈಲಿಟ್ಟುಕೊಂಡು, ಜೀತದಾಳಿಗೆ ಒಂದೇ ಒಂದು ನಿರ್ಧಾರವನ್ನೂ ಬಿಟ್ಟುಕೊಡದೆ ಇರುವುದು ವಿಪರ್ಯಾಸ. ಕಂಪನಿ ಹೋದರೂ ನೀವು ಆಳಾಗಿಯೇ ಉಳಿಯುತ್ತೀರಿ. ಅದು ವ್ಯಂಗ್ಯವೆಂದು ಬರೆದವರು ಉದ್ದೇಶಿಸಿದ್ದರೆ ಆಟದಲ್ಲಿ ಎಲ್ಲಿಯೂ ಅದರ ಸುಳಿವಿಲ್ಲ. ಹಿನ್ನೆಲೆ ತಿಳಿಸುವ ಪುಟಗಟ್ಟಲೆ ಬರಹ ಮೆನುವಿನೊಳಗೆ ಬಿದ್ದಿದೆ, ಅದೂ ಸಣ್ಣ ಅಕ್ಷರದಲ್ಲಿ. ಸೋಫಾದಲ್ಲಿ ಕೂತು ಟಿವಿಯಲ್ಲಿ ಆಡುವವರು ಕಣ್ಣು ಕಿರಿದು ಮಾಡಿಕೊಂಡೇ ಓದಬೇಕು. ಕನ್ನಡವಂತೂ ಇಲ್ಲ, ಇಂಗ್ಲಿಷ್ ಓದುವ ತಾಳ್ಮೆ ಇರಬೇಕು.

ಎರಡನೆಯ ಕಾಟ ನಡಿಗೆ. ಕೆಲಸ ಕೊಡುವವನು ಒಂದು ಮೂಲೆ, ಕೆಲಸ ಇರುವುದು ಇನ್ನೊಂದು ಮೂಲೆ. ಹೋಗುವ ದಾರಿಯಲ್ಲಿ ಎದುರಾಳಿಗಳು ಮತ್ತೆ ಹುಟ್ಟಿಕೊಂಡಿರುತ್ತಾರೆ. ಮೆಟ್ರೊ ಪುಕ್ಕಟೆ, ಆದರೆ ನಿಲ್ದಾಣಕ್ಕೆ ನಡೆದು ಹೋಗಬೇಕು. ಟ್ಯಾಕ್ಸಿಗೆ ದುಡ್ಡು ತೆರಬೇಕು. ಶುರುವಿನಲ್ಲಿ ದುಬಾರಿಯೆನಿಸುತ್ತದೆ, ಆಮೇಲೆ ಜೇಬು ತುಂಬಿದಾಗ ಧಾರಾಳವಾಗಿ ಕರೆಸಿಕೊಳ್ಳಿ. ಅದಕ್ಕಿಂತ ತೊಂದರೆ ಕೊಡುವುದು ಲೆವೆಲ್‌ಗಳ ಅಂತರ. ಮಿಷನ್ ನಿಮ್ಮ ಲೆವೆಲ್ಲಿನದೇ ಇರುತ್ತದೆ, ಅಲ್ಲಿಗೆ ಹೋಗುವ ಗಲ್ಲಿಯಲ್ಲಿ ನಿಮಗಿಂತ ಹತ್ತು ಮೆಟ್ಟಿಲು ಮೇಲಿನವರು ನಿಂತಿರುತ್ತಾರೆ. ಎದುರಾಳಿಯ ಪಕ್ಕ ತಲೆಬುರುಡೆಯ ಗುರುತು ಕಂಡರೆ ವೀರತನ ತೋರಿಸಬೇಡಿ, ಬಂದ ದಾರಿ ಹಿಡಿಯಿರಿ. ಮಿಷನ್ ಪಟ್ಟಿಯಲ್ಲಿ ಪ್ರತಿಯೊಂದರ ಎದುರೂ ಲೆವೆಲ್ ಬರೆದಿರುತ್ತದೆ. ಹೊರಡುವ ಮುನ್ನ ಅದನ್ನೊಮ್ಮೆ ನೋಡಿಕೊಂಡರೆ ಅರ್ಧ ಸಂಕಟ ತಪ್ಪುತ್ತದೆ. ಮುಖ್ಯ ಕತೆ ತೀರಾ ಕಷ್ಟವೆನಿಸಿದಾಗ ಅಡ್ಡ ಮಿಷನ್‌ಗಳನ್ನು ಮುಗಿಸಿ ಬನ್ನಿ, ಆಟ ಅದನ್ನೇ ಬಯಸುತ್ತದೆ.

ಜೊತೆಗಾರರಿದ್ದರೆ ಈ ದೋಷಗಳು ಅರ್ಧಕ್ಕೆ ಇಳಿಯುತ್ತವೆ. ಒಟ್ಟಿಗೆ ನಾಲ್ವರು ಆಡಬಹುದು. ಆನ್‌ಲೈನ್‌ನಲ್ಲೂ ಸರಿ, ಒಂದೇ ಕೋಣೆಯಲ್ಲಿ ಒಂದೇ ಪರದೆ ಎದುರು ಕೂತೂ ಸರಿ. ಈಗಿನ ಗೇಮ್‌ಗಳಲ್ಲಿ ಎರಡನೆಯದು ಅಪರೂಪವಾಗಿದೆ. ಹಬ್ಬಕ್ಕೆ ಊರಿಗೆ ಬಂದ ಅಣ್ಣತಮ್ಮಂದಿರಿಗೆ ಹೇಳಿ ಮಾಡಿಸಿದ ಹಾಗಿದೆ, ಎರಡು ಕಂಟ್ರೋಲರ್ ಇದ್ದರೆ ಸಾಕು. ಒಬ್ಬ ಗೋಡೆಯ ಹಿಂದಿನಿಂದ ಹೊಡೆಯುತ್ತ ಗಮನ ಸೆಳೆದರೆ ಇನ್ನೊಬ್ಬ ಬಳಸಿಕೊಂಡು ಹೋಗಬಹುದು. ನಡಿಗೆಯ ಬೇಸರ ಮಾತಿನಲ್ಲಿ ಕಳೆಯುತ್ತದೆ. ನಾಲ್ವರು ಸೇರಿದಾಗ ಮಾತ್ರ ಪರದೆಯ ತುಂಬ ಕಿಡಿ, ಹೊಗೆ ಎದ್ದು ತನ್ನ ಪಾತ್ರ ಎಲ್ಲಿದೆ ಎಂದು ಹುಡುಕುವಂತಾಗುತ್ತದೆ. ಇಬ್ಬರು ಹದವಾದ ಸಂಖ್ಯೆ. ಬೇರೆ ಬೇರೆ ಊರಿನಲ್ಲಿದ್ದು ಆನ್‌ಲೈನ್ ಆಡುವವರು ಎಲ್ಲರೂ ಒಂದೇ ಅಂಗಡಿಯಿಂದ ಕೊಳ್ಳುವುದು ಕ್ಷೇಮ. ಒಬ್ಬ ಸ್ಟೀಮ್, ಇನ್ನೊಬ್ಬ ಮೈಕ್ರೋಸಾಫ್ಟ್ ಸ್ಟೋರ್ ಎಂದಾದರೆ ಜೊತೆಯಾಟ ಕೂಡಿಬರುವುದಿಲ್ಲ.

ಕಂಪ್ಯೂಟರಿನ ವಿಚಾರಕ್ಕೆ ಬಂದರೆ, ಇದು ನೋಡಲು ಮೇಲ್ನೋಟದ ಆಟವಾದರೂ ಗ್ರಾಫಿಕ್ಸ್ ಕಾರ್ಡಿಗೆ ಹಗುರವಲ್ಲ. ಅಷ್ಟೊಂದು ಬೋರ್ಡು, ಅಷ್ಟೊಂದು ಜನ, ಅಷ್ಟೊಂದು ಪ್ರತಿಬಿಂಬ. ಕಾಲೇಜು ಓದಿಗೆಂದು ಕೊಂಡ ಸಾದಾ ಲ್ಯಾಪ್‌ಟಾಪಿನಲ್ಲಿ ಇದು ಓಡುತ್ತದೆಂದು ನಂಬಿ ಕೊಳ್ಳಬೇಡಿ. ರೇ ಟ್ರೇಸಿಂಗ್ ಎಂಬ ಬೆಳಕಿನ ತಂತ್ರ ಹಾಕಿದರೆ ಒದ್ದೆ ನೆಲದಲ್ಲಿ ಬೆಳಕು ಇನ್ನಷ್ಟು ಚಂದ ಕಾಣುತ್ತದೆ ನಿಜ, ಆದರೆ ಅದಕ್ಕೆ ತೆರುವ ಬೆಲೆ ಹೆಚ್ಚು. ಕ್ಯಾಮೆರಾ ಅಷ್ಟು ಎತ್ತರದಲ್ಲಿರುವಾಗ ಕಾಳಗದ ನಡುವೆ ಆ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತದೆ? ಮೊದಲು ರೇ ಟ್ರೇಸಿಂಗ್ ಆಫ್ ಮಾಡಿ. ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್ ಇದ್ದವರು ಡಿಎಲ್‌ಎಸ್‌ಎಸ್ ಎಂಬ ಸೌಲಭ್ಯ ಹಾಕಿಕೊಂಡರೆ ಓಟ ಸಲೀಸಾಗುತ್ತದೆ. ಆಟ ಆಗಾಗ ಎಡವಿದಂತೆ ಅನ್ನಿಸಿದರೆ ಡೈರೆಕ್ಟ್‌ಎಕ್ಸ್ 12 ಬಿಟ್ಟು 11ರಲ್ಲಿ ಓಡಿಸಿ ನೋಡಿ. ಹಾರ್ಡ್‌ಡಿಸ್ಕಿನಲ್ಲಿ ಹಾಕುವ ಬದಲು ಎಸ್‌ಎಸ್‌ಡಿಯಲ್ಲಿ ಹಾಕಿ. ಬಿಡುಗಡೆಯಾದ ಹೊಸದರಲ್ಲಿ ಮೈಕ್ರೋಸಾಫ್ಟ್‌ನ ಚಂದಾ ಸೇವೆಯಾದ ಪಿಸಿ ಗೇಮ್ ಪಾಸ್‌ನ ಆವೃತ್ತಿಗೆ ರೇ ಟ್ರೇಸಿಂಗ್, ಡಿಎಲ್‌ಎಸ್‌ಎಸ್ ಎರಡೂ ಇರಲಿಲ್ಲ, ಸ್ಟೀಮ್‌ನವರಿಗೆ ಇತ್ತು. ಆಗ ಎದ್ದ ಗದ್ದಲವನ್ನು ಆಮೇಲಿನ ಅಪ್‌ಡೇಟ್‌ಗಳು ತಣಿಸಿದವು. ಆಗ ಬಂದ ಹಳೆಯ ವಿಮರ್ಶೆಗಳನ್ನು ಓದುವಾಗ ಇದು ನೆನಪಿರಲಿ.

ಕೀಬೋರ್ಡ್, ಮೌಸ್‌ನಲ್ಲಿ ಗುರಿ ಚುರುಕು. ಆದರೂ ನನ್ನ ಮತ ಕಂಟ್ರೋಲರಿಗೆ. ಎಡಗೈ ಕಡ್ಡಿಯಲ್ಲಿ ನಡಿಗೆ, ಬಲಗೈ ಕಡ್ಡಿಯಲ್ಲಿ ಗುರಿ, ತೋರುಬೆರಳಲ್ಲಿ ಬಂದೂಕು ಏರಿಸುವುದು: ಈ ಆಟವನ್ನು ಕಟ್ಟಿದ್ದೇ ಆ ಹಿಡಿತಕ್ಕೆ.

ಹಾಗಾದರೆ ಯಾರು ಕೊಳ್ಳಬೇಕು? ಬಂದೂಕಿನ ಆಟ ಇಷ್ಟ, ಕತೆ ಹಿನ್ನೆಲೆಯಲ್ಲಿದ್ದರೂ ಪರವಾಗಿಲ್ಲ, ಜೊತೆಗೊಬ್ಬ ಗೆಳೆಯನಿದ್ದಾನೆ ಎನ್ನುವವರು ಕಣ್ಣುಮುಚ್ಚಿ ಕೊಳ್ಳಬಹುದು. ಒಂಟಿಯಾಗಿ ಆಡುವ, ಮಾತುಕತೆ ಮತ್ತು ಆಯ್ಕೆಗಳನ್ನು ಬಯಸುವ ಓದುಗರಿಗೆ ನಾನು ‘ಶ್ಯಾಡೋರನ್: ಡ್ರ್ಯಾಗನ್‌ಫಾಲ್’ (2014) ಕಡೆ ಬೊಟ್ಟು ಮಾಡುತ್ತೇನೆ. ಅದೂ ಮೇಲ್ನೋಟದ್ದೇ, ಸೈಬರ್‌ಪಂಕೇ, ಬರ್ಲಿನ್‌ನಲ್ಲಿ ನಡೆಯುವ ಕತೆ. ಕಾಳಗ ಸರದಿಯಂತೆ ನಡೆಯುತ್ತದೆ, ಬರವಣಿಗೆ ಗಟ್ಟಿಯಾಗಿದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬರೀ ವೇಗ ಬೇಕೆನ್ನುವವರಿಗೆ ಪೋಲೆಂಡಿನ ರೈಕಾನ್ ಗೇಮ್ಸ್ ಮಾಡಿದ ‘ರೂಯಿನರ್’ (2017) ಇದೆ. ಚಿಕ್ಕದು, ಚುರುಕು, ರಕ್ತಸಿಕ್ತ. ನಾಲ್ವರು ಏಜೆಂಟರನ್ನು ಒಟ್ಟಿಗೆ ನಡೆಸುವ ‘ಸಿಂಡಿಕೇಟ್’ ದಿನಗಳ ನೆನಪಿದ್ದವರಿಗೆ ‘ಸ್ಯಾಟಲೈಟ್ ರೇನ್’ (2015) ಒಗ್ಗೀತು. ಹಿಂಸೆ ಧಾರಾಳವಿರುವುದರಿಂದ ‘ದಿ ಅಸೆಂಟ್’ ಮಕ್ಕಳ ಕೈಗೆ ಕೊಡುವ ಆಟವಲ್ಲ. 2022ರ ಆಗಸ್ಟ್‌ನಲ್ಲಿ ಬಂದ ‘ಸೈಬರ್ ಹೈಸ್ಟ್’ ಎಂಬ ಹೆಚ್ಚುವರಿ ಭಾಗ ಮುಖ್ಯ ಕತೆ ಮುಗಿದ ಮೇಲಿನದು, ಈಗಲೇ ಕೊಳ್ಳುವ ಅಗತ್ಯವಿಲ್ಲ.

ಈ ಆಟಕ್ಕೆ ಪೂರ್ತಿ ಬೆಲೆ ತೆರುವುದು ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು. ಸ್ಟೀಮ್‌ನ ಬೇಸಗೆ, ಚಳಿಗಾಲದ ಸೇಲ್‌ಗಳಲ್ಲಿ ದರ ಗಣನೀಯವಾಗಿ ಇಳಿದಾಗ ಕೊಳ್ಳಿ. ಕೊಂಡ ದಿನವೇ ಕೂತು, ಡೀಪ್‌ಸ್ಟಿಂಕ್ ಬೇಗ ದಾಟಿ, ಕ್ಲಸ್ಟರ್ 13ರಾಚೆಯ ಒಂದೆರಡು ಕಾಳಗ ಆಡಿ ನೋಡಿ. ಹಿಡಿಸದಿದ್ದರೆ ಎರಡು ಗಂಟೆ ಮುಗಿಯುವ ಮುಂಚೆ ಆಟದಿಂದ ಪೂರ್ತಿ ಹೊರಬಂದು ರೀಫಂಡ್ ಅರ್ಜಿ ಹಾಕಿ. ಮೆನುವಿನಲ್ಲಿ ಆಟ ತೆರೆದಿಟ್ಟು ಕಾಫಿಗೆ ಹೋದ ಹೊತ್ತನ್ನೂ ಸ್ಟೀಮ್ ಆ ಎರಡು ಗಂಟೆಯಲ್ಲಿ ಸೇರಿಸಿಕೊಳ್ಳುತ್ತದೆ.